ನನ್ನ ಏಕೈಕ ಶ್ರೋತೃ

ನನ್ನ ದನಿ ಸಮುದ್ರ ದಾಟಿ ಹೋಗಿ ಬರುತ್ತದೆ. ಅಡುಗೆಮನೆಯಿಂದ ನಡುಮನೆಗೆ ಮಾತ್ರ ಬರುವುದಿಲ್ಲ. ಇದು ಜಂಬವಲ್ಲ, ತಪ್ಪೊಪ್ಪಿಗೆ. ವಾರವೆಲ್ಲ ನನಗೆ ನರಸಾಪುರದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಅಲ್ಲಿ ಅಳತೆಗಳನ್ನು ಸರಿಯಾಗಿ ಬರೆದರೆ ಸಾಕು, ಮಾತು ಬೇಕಿಲ್ಲ. ಕೆಲಸ ಹಿಡಿಸಿರುವುದೂ ಅದಕ್ಕೇ. ಶುಕ್ರವಾರ ಸಂಜೆ ಮಾತ್ರ ಮಾಲೂರಿನ ಪುಟ್ಟ ಕೋಣೆಯೊಂದರಲ್ಲಿ ಕೂತು, ಮನೆಯಲ್ಲಿ ಯಾರಿಗೂ ಹೇಳದೆ, ರೇಡಿಯೋಗಾಗಿ ಮಾತಾಡಿ ರೆಕಾರ್ಡ್ ಮಾಡುತ್ತೇನೆ.

ರೇಡಿಯೋ ನಮ್ಮದಲ್ಲ. ಕಡಲಾಚೆಯ ಕ್ರೈಸ್ತ ಶಾರ್ಟ್‌ವೇವ್ ಕೇಂದ್ರವೊಂದು ತನ್ನ ಪ್ರಾರ್ಥನೆ ಮುಗಿದ ಮೇಲೆ ಉಳಿಯುವ ಹೊತ್ತನ್ನು ಕಲ್ಯಾಣ ಮಂಟಪದ ಹಾಗೆ ಬಾಡಿಗೆಗೆ ಕೊಡುತ್ತದೆ. ಮಾಲೂರಿನ ನಿವೃತ್ತ ಮೇಷ್ಟ್ರೊಬ್ಬರು ನಡೆಸುವ ರೈತರ ಸಂಘ ಭಾನುವಾರ ಸಂಜೆಯ ಅರ್ಧ ಗಂಟೆ ಹಿಡಿದಿದೆ. ನಮಗಿಂತ ಮುಂಚೆ ಪ್ರಾರ್ಥನೆ, ನಮ್ಮ ನಂತರ ಯಾವುದೋ ಭಾಷೆಯಲ್ಲಿ ಮಂಡಿನೋವಿನ ಎಣ್ಣೆ, ನಡುವೆ ಹಿಪ್ಪುನೇರಳೆ ಸೊಪ್ಪಿನ ಬಗ್ಗೆ ನಾನು. ನನ್ನ ಹೆಸರು ಹೇಳುವುದಿಲ್ಲ.

ತಾಯಲೂರಿನ ನಮ್ಮ ಮನೆಯಲ್ಲಿ ಇದನ್ನು ಕೇಳುವವರು ದೊಡ್ಡಪ್ಪ. ಮುಳ್ಳು ಅಲ್ಲಾಡಿದರೆ ಸ್ಟೇಷನ್ ತಪ್ಪಿಹೋಗುತ್ತದೆಂದು ಪ್ರಾರ್ಥನೆಗಿಂತ ಮೊದಲೇ ಹಾಕಿಡುತ್ತಾರೆ. ಹಾಗಾಗಿ ಭಾನುವಾರ ಅಮ್ಮ ದೇವರಿಗೆ ದೀಪ ಹಚ್ಚುವುದು ಯೇಸುವಿನ ಸ್ತೋತ್ರದೊಂದಿಗೆ. ನಾನು ನಕ್ಕರೆ, "ದೇವ್ರುಗಳಿಬ್ರೂ ಹೊಂದ್ಕೊಂಡವ್ರೆ, ನಿಂಗೇನೇ ಕಷ್ಟ?" ಎನ್ನುತ್ತಾಳೆ. ಆಮೇಲೆ ರೇಡಿಯೋದಲ್ಲಿ ನಾನು ಬರುತ್ತೇನೆ. ಪಕ್ಕದಲ್ಲೇ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿರುವವಳೂ ನಾನೇ. ಯಾರಿಗೂ ಗುರುತು ಸಿಗುವುದಿಲ್ಲ. ರೇಡಿಯೋದ ಕೊರಕೊರ ಒಂದು ಕಾರಣ. ಗುರುತು ಹಿಡಿಯುವಷ್ಟು ನನ್ನ ದನಿಯನ್ನು ಮನೆಯಲ್ಲಿ ಯಾರೂ ಕೇಳಿಲ್ಲದಿರುವುದು ಇನ್ನೊಂದು.

ತೊಂದರೆ ಬಂದದ್ದು ಕಾಗದದಿಂದ. ದೊಡ್ಡಪ್ಪ ಓದಿದ್ದು ಗಡಿಯಾಚೆಯ ತೆಲುಗು ಶಾಲೆಯಲ್ಲಿ; ಕನ್ನಡ ಬರೆಯಲು ಬಾರದು. ರೇಡಿಯೋಗೆ ಕಾರ್ಡು ಬರೆಯಬೇಕಾದಾಗ ನನ್ನನ್ನೇ ಕೂರಿಸಿಕೊಳ್ಳುತ್ತಿದ್ದರು. "ಬರ್ಕೊಳ್ಳೇ. ಆ ಅಮ್ಮಾಯಿ ರೈಲು ತಪ್ಪೋಗೋ ಥರ ಮಾತಾಡ್ತಾಳೆ. ನಗೋದಂತೂ ಯಾರೋ ಕತ್ತು ಹಿಸುಕ್ದಂಗೆ. ಹಿಪ್ಪುನೇರಳೆ ಸೊಪ್ಪು ಕಣ್ಣಲ್ಲಿ ನೋಡವ್ಳೋ ಇಲ್ವೋ, ಕೇಳು." ನಾನು ಅಂದವಾದ ಅಕ್ಷರದಲ್ಲಿ ಬರೆಯುತ್ತಿದ್ದೆ: 'ಕಾರ್ಯಕ್ರಮ ಬಹಳ ಉಪಯುಕ್ತವಾಗಿದೆ. ನಿರೂಪಣೆ ಸೊಗಸಾಗಿದೆ.'

ಒಂದು ಶುಕ್ರವಾರ ಮೇಷ್ಟ್ರು ಆ ಕಾರ್ಡುಗಳನ್ನೂ ನನ್ನ ಸ್ಕ್ರಿಪ್ಟನ್ನೂ ಪಕ್ಕಪಕ್ಕ ಇಟ್ಟರು. "ಏನಮ್ಮಾ, ಬಂದಿರೋದೇ ನಾಲ್ಕು ಕಾಗದ. ನಾಲ್ಕೂ ನಿನ್ ಕೈಬರಹ. ನಿನ್ನ ನೀನೇ ಹೊಗಳ್ಕೊಂಡ್ರೆ ಹೆಂಗೆ? ಈ ತಿಂಗಳು ಒಂದಾದ್ರೂ ನಿಜವಾದ ಕಾಗದ ಬರ್ಲಿಲ್ಲ ಅಂದ್ರೆ ಸಂಘದವರು ಈ ಅರ್ಧ ಗಂಟೆ ಬಿಟ್ಟುಬಿಡ್ತಾರೆ."

ವಾರದಲ್ಲಿ ನಾನು ಬಾಯಿ ತುಂಬ ಮಾತಾಡುವುದೇ ಆ ಅರ್ಧ ಗಂಟೆ. ಅದೂ ಹೋದರೆ ನನ್ನ ಪಾಲಿಗೆ ಉಳಿಯುವುದು ಹುರುಳಿಕಾಯಿ. ಮುಂದಿನ ಭಾನುವಾರ, "ಕೈ ನೋಯ್ತಿದೆ ದೊಡ್ಡಪ್ಪ, ತೆಲುಗಲ್ಲಿ ನೀವೇ ಬರೀರಿ" ಎಂದೆ. ಬರೆದರು, ಎರಡು ಪುಟ.

ಮೇಷ್ಟ್ರಿಗೆ ತೆಲುಗು ಬರುತ್ತದೆ; ನಮ್ಮ ಕಡೆ ಅದೇನೂ ದೊಡ್ಡ ವಿದ್ಯೆಯಲ್ಲ. ಓದಿ ಕಣ್ಣೊರೆಸಿಕೊಂಡು ನಕ್ಕರು. "ಇದಪ್ಪಾ ಕಾಗದ! ಅರ್ಧ ಗಂಟೆ ಉಳೀತು. ರೇಡಿಯೋದಲ್ಲಿ ಎಲ್ಲಾನೂ ಓದ್ಬೇಕು, ತಿಳೀತಾ?" ಎಂದು ಕನ್ನಡದಲ್ಲಿ ಬರೆದುಕೊಟ್ಟರು. ರೈಲು, ಕತ್ತು, ಸೊಪ್ಪು ಎಲ್ಲವೂ ಇತ್ತು. 'ಹಿಂದಿನ ಕಾಗದಗಳನ್ನು ನನ್ನ ತಮ್ಮನ ಮಗಳ ಕೈಲಿ ಬರೆಸಿದ್ದೆ' ಎಂದಿದ್ದಲ್ಲಿ ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೊನೆಯಲ್ಲಿ ಹೀಗಿತ್ತು: 'ಏನೇ ಅನ್ನಲಿ, ನಿನ್ನ ಮಾತು ಕೇಳಿದರೆ ಮನೆಗೆ ನಾಲ್ಕು ಜನ ಬಂದಂತಾಗುತ್ತದೆ. ನಮ್ಮ ಹುಡುಗಿಯೂ ಹೀಗೆ ಮಾತಾಡಿದರೆ ಎಷ್ಟು ಚೆನ್ನ.'

ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಓದಿದೆ. ಕೊನೆಯದನ್ನು ಮಾತ್ರ ಮನೆಯ ವಿಷಯವೆಂದು ಬಿಟ್ಟೆ.

ಭಾನುವಾರ ದೊಡ್ಡಪ್ಪ ಕಿವಿಯಾನಿಸಿ ಪೂರ್ತಿ ಕೇಳಿದರು. ಎಣ್ಣೆಯವನು ಶುರುಮಾಡುತ್ತಲೇ ರೇಡಿಯೋ ಆರಿಸಿ ನನ್ನ ಕಡೆ ತಿರುಗಿದರು.

"ಬೈದಿದ್ದೆಲ್ಲ ಓದವ್ಳೆ, ಗಟ್ಟಿಗಿತ್ತಿ. ಮುಖ್ಯವಾದ್ದೇ ನುಂಗ್ಬಿಟ್ಲು ಕಣೇ! ಕಾರ್ಡ್ ತಗೊಂಬಾ, ಇನ್ನೊಂದ್ಸಲ ಬರೆಯಾನ."

ನಾನು ಬಾಯಿ ತೆರೆದೆ. ಹೇಳುವುದು ಬೇಕಾದಷ್ಟಿತ್ತು, ಸಮುದ್ರ ದಾಟಿ ಬಂದ ದನಿಯೂ ಹತ್ತಿರವೇ ಇತ್ತು.

"ಪೆನ್ನೆಲ್ಲಿದೆ ದೊಡ್ಡಪ್ಪ?" ಎಂದೆ.