ಸತ್ತ ಪ್ರಾಣಿ, ಢವಗುಟ್ಟುವ ಎದೆ

ಸತ್ತ ಪ್ರಾಣಿಗಳ ನಡುವೆ ಕೆಲಸ ಮಾಡುವವನಿಗೆ ಏನು ಕಾಟ ಅಂತ ಮಂದಿ ಕೇಳುತ್ತಾರೆ. ನಾನು ಬೆಳಗಾವಿಯ ಒಂದು ಸಣ್ಣ ಪ್ರಾಣಿ ಮ್ಯೂಸಿಯಮ್ಮಿನಲ್ಲಿ ಇಪ್ಪತ್ತು ವರ್ಷದಿಂದ ಹುಳ, ಹಾವು, ಎಲುಬು ಕಾಯುತ್ತಿದ್ದೇನೆ. ಸಂಶೋಧನೆಗೆ ಹೊಸದಾಗಿ ಬಂದವರಿಗೆ ಕೆಲಸ ಕಲಿಸುತ್ತೇನೆ. ಮೊದಲೇ ಪುಕ್ಕಲ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವ. ಅದು ಹೇಗೋ, ಎದೆ ನಡುಗಿಸುವ ಪ್ರಸಂಗಗಳೆಲ್ಲ ನನ್ನಂಥವನನ್ನೇ ಹುಡುಕಿಕೊಂಡು ಬರುತ್ತವೆ.

೧. ಬಸ್ಸಿನಲ್ಲಿ ವಾಸನೆ

ಖಾನಾಪುರದ ಕಾಡಂಚಿನಲ್ಲಿ ನಮಗೊಂದು ಅಪರೂಪದ ಜೀವಿ ಸಿಕ್ಕಿತ್ತು. ಸಂಬಂಧದಲ್ಲಿ ಕಪ್ಪೆಯ ಕಡೆಯದು, ಆದರೆ ಕಾಲಿಲ್ಲ. ನೋಡಲು ಥೇಟ್ ಹಾವಿನ ಮರಿ. ಅದನ್ನು ಸ್ಪಿರಿಟ್ ತುಂಬಿದ ಬಾಟಲಿಯಲ್ಲಿಟ್ಟು, ಬಾಟಲಿಯನ್ನು ಚೀಲದಲ್ಲಿಟ್ಟು, ಚೀಲವನ್ನು ಎದೆಗವಚಿಕೊಂಡು ಮುಂಜಾನೆಯ ಬೆಳಗಾವಿ ಬಸ್ ಹತ್ತಿದೆ. ಒಡೆದರೆ ಏನು ಗತಿ ಎಂಬ ಚಿಂತೆಯಲ್ಲಿ ಕಿಟಕಿಯಾಚೆ ಸಹ ನೋಡಲಿಲ್ಲ.

ಒಡೆಯಲಿಲ್ಲ. ಮುಚ್ಚಳ ಸಡಿಲಾಯಿತು. ಅರ್ಧ ದಾರಿಗೆ ಬಸ್ಸೆಲ್ಲ ವಾಸನೆ. ಬಾಜೂ ಕೂತ ಹೆಣ್ಣುಮಗಳು ಸೆರಗು ಮೂಗಿಗೆ ಹಿಡಿದು ಎದ್ದು ಹೋದಳು. ಕಂಡಕ್ಟರ್ ಬಂದ.

“ಏನ್ರೀ ಯಜಮಾನ್ರ, ಇನ್ನೂ ಎಂಟು ಹೊಡದಿಲ್ಲ, ಆಗಲೇ ಸುರು ಮಾಡೀರೇನು?”

“ಖರೇನ ಹೇಳತೀನ್ರೀ, ನಾ ಕುಡಿಯಂಗಿಲ್ಲ!”

“ಎಲ್ಲಾರೂ ಹಂಗ ಅಂತಾರ್ರೀ. ಚೀಲ ತೆಗೀರಿ.”

ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಬಾಟಲಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. “ಹಾವು!” ಅಂತ ಯಾರೋ ಚೀರಿದರು. ಡ್ರೈವರ್ ಗಾಡಿ ನಿಲ್ಲಿಸಿದ. ಒಂದೇ ನಿಮಿಷದಲ್ಲಿ ಬಸ್ ಖಾಲಿ. ಕಂಡಕ್ಟರ್ ಕೆಳಗೆ ನಿಂತು ಕಿಟಕಿಯಿಂದ ಕೈ ಮುಗಿದ:

“ಸರ, ತಪ್ಪ ತಿಳೀಬ್ಯಾಡ್ರಿ. ನೀವು ಕುಡದಿದ್ರನ ಛಲೋ ಇತ್ತು.”

೨. ಚೀಟಿ

ನಂದಗಡದ ಹುಡುಗಿಯೊಬ್ಬಳು ತರಬೇತಿಗೆ ಬಂದಳು. ಬಹಳ ಶ್ರದ್ಧೆ. ಮೊದಲ ದಿನವೇ ಹೇಳಿಕೊಟ್ಟೆ: “ಚೀಟಿ ಇಲ್ಲದ ಹುಳ ಅಂದ್ರ ಬರೇ ಕಸ. ಎಲ್ಲಿ ಸಿಕ್ಕಿತು, ಏನ ತಿಂತಿತ್ತು, ಎಲ್ಲಾ ಬರೀಬೇಕು.”

ಅಷ್ಟರಲ್ಲಿ ಸಂಗ್ರಹದ ತಪಾಸಣೆಗೆ ಹಿರಿಯ ವಿಜ್ಞಾನಿಯೊಬ್ಬರು ಬಂದರು. ಅವರು ಸರಿ ಇಲ್ಲ ಎಂದು ಬರೆದರೆ ತರಬೇತಿಯೇ ಬಂದ್. ಒಣಗಿಸಿದ ಹುಳಗಳ ಪೆಟ್ಟಿಗೆಗಳಲ್ಲಿ ಅವರು ನೇರ ಮೂರನೆಯದನ್ನೇ ತೆರೆದರು. ಸಾಲಾಗಿ ಸೂಜಿಗೆ ಚುಚ್ಚಿದ ದುಂಬಿಗಳು. ಮೂಲೆಯಲ್ಲಿ ಎಳ್ಳಿನಷ್ಟು ದೊಡ್ಡ ಜೀವಂತ ಹುಳವೊಂದು ಆರಾಮಾಗಿ ತಿರುಗಾಡುತ್ತಿತ್ತು. ಮ್ಯೂಸಿಯಮ್ಮಿನವರ ಹಗೆ ಅದು; ಒಣಗಿದ ಹುಳಗಳನ್ನು ತಿಂದು ಹುಡಿ ಮಾಡುತ್ತದೆ.

“ಇದೇನು?” ಎಂದರು.

“ನಿನ್ನೆನ ನೋಡೇನ್ರೀ ಸರ, ಚೀಟೀನೂ ಬರದೇನಿ,” ಎಂದು ಹುಡುಗಿ ಹೆಮ್ಮೆಯಿಂದ ಕೊಟ್ಟಳು. ಅವರು ಗಟ್ಟಿಯಾಗಿ ಓದಿದರು: “ಸಿಕ್ಕ ಜಾಗ: ಮೂರನೇ ಪೆಟ್ಟಿಗೆ. ಆಹಾರ: ಒಂದನೇ ಮತ್ತು ಎರಡನೇ ಪೆಟ್ಟಿಗೆ.”

ಪುಣ್ಯಕ್ಕೆ ನಕ್ಕರು. ವರದಿಯಲ್ಲಿ ಹೀಗಿತ್ತು: “ತರಬೇತಿ ಉತ್ತಮವಾಗಿದೆ. ಸಂಗ್ರಹ ಉಳಿದರೆ ಮುಂದಿನ ವರ್ಷ ಅದನ್ನೂ ನೋಡಬಹುದು.”

೩. ಫೋನು

ಒಂದು ಮಧ್ಯಾಹ್ನ ಫೋನು. “ಸರ, ನಮ್ಮ ಬಚ್ಚಲದಾಗ ಹಾವು ಐತಿ, ಲಗೂ ಬರ್ರಿ.”

“ನಾವು ಸತ್ತದ್ದಷ್ಟ ತಗೋತೀವ್ರಿ ಅಕ್ಕಾರ.”

“ಹಂಗಾದ್ರ ಐದ ಮಿನಿಟ ತಡೀರಿ, ನಮ್ಮ ಮನ್ಯಾರು ಬಡಿಗಿ ತರಾಕ ಹೋಗ್ಯಾರ.”

“ಬಡೀಬ್ಯಾಡ್ರಿ! ಬಂದೆ!” ಎಂದು ಹಾವು ಹಿಡಿಯುವ ಗೆಳೆಯನನ್ನೂ ಆಟೋದಲ್ಲಿ ಹೇರಿಕೊಂಡು ದೇವರ ನೆನೆಯುತ್ತ ಓಡಿದೆ. ಹೋದರೆ ಬಚ್ಚಲು ಖಾಲಿ. ಅಕ್ಕ ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು:

“ಎಷ್ಟೊತ್ತು ಬರೋದ್ರೀ? ಕಾದು ಕಾದು ಬ್ಯಾಸತ್ತು ಎದ್ದು ಹೋತು.”

೪. ದೇಸೂರಿನ ಕಾಡುಕೋಣ

ಲೋಂಡಾ ಹತ್ತಿರ ರೈಲಿಗೆ ಸಿಕ್ಕು ಒಂದು ಭಾರಿ ಕಾಡುಕೋಣ ಸತ್ತಿತು. ಎಲುಬುಗೂಡಿಗೆಂದು ಅದರ ದೇಹವನ್ನು ಅರಣ್ಯ ಇಲಾಖೆ ಕಾಗದಪತ್ರ ಮಾಡಿ ನಮಗೆ ಕೊಟ್ಟಿತು. ಎಲುಬು ಸ್ವಚ್ಛವಾಗಬೇಕಾದರೆ ದೇಹವನ್ನು ಒಂದು ವರ್ಷ ಮಣ್ಣಲ್ಲಿ ಹುಗಿದಿಡಬೇಕು. ನಮ್ಮ ವಾಚ್‌ಮನ್ನನ ಅತ್ತೆ ದೇಸೂರಿನಲ್ಲಿ ತಮ್ಮ ಹೊಲದ ಮೂಲೆ ಕೊಟ್ಟರು.

ನನ್ನ ನೆಮ್ಮದಿ ಹಾರಿಹೋಯಿತು. ನಾಯಿ ಕೆದರಿದರೆ? ಯಾರಾದರೂ ಕೋಡು ಕದ್ದರೆ? ಪ್ರತಿ ಸೋಮವಾರ, ನಮ್ಮ ರಜೆಯ ದಿನ, ರೈಲು ಹಿಡಿದು ದೇಸೂರಿಗೆ ಹೋಗುತ್ತಿದ್ದೆ. ಕೆಸರಾಗಬಾರದೆಂದು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಗುಂಡಿಗೆ ಒಂದು ಸುತ್ತು ಹಾಕಿ, ಬಗ್ಗಿ ಮಣ್ಣು ಮುಟ್ಟಿ, “ಏನೂ ಆಗದಿರಲಪ್ಪ” ಎಂದು ಗೊಣಗಿ ಬರುತ್ತಿದ್ದೆ. ಕೊನೆಯ ಎರಡು ತಿಂಗಳು ಮೊಣಕಾಲು ನೋವು, ಹೋಗಲಾಗಲಿಲ್ಲ.

ವರ್ಷ ತುಂಬಿದ ಮೇಲೆ ತರಬೇತಿಯ ಹುಡುಗಿಯನ್ನೂ ಆಳುಗಳನ್ನೂ ಕರೆದುಕೊಂಡು ಹೋದರೆ, ಗುಂಡಿಯ ಮೇಲೆ ಸುಣ್ಣ ಬಳಿದ ಕಲ್ಲು, ಕುಂಕುಮ, ಒಡೆದ ಕಾಯಿ!

“ಇದೇನ್ರೀ ಅಮ್ಮಾರ?” ಎಂದು ವಾಚ್‌ಮನ್ನನ ಅತ್ತೆಯನ್ನು ಕೇಳಿದೆ.

“ನನ್ನೇನ ಕೇಳತೀರಿ? ನೀವ ಸೋಮವಾರಕ್ಕೊಮ್ಮಿ ಬಂದು, ಚಪ್ಪಲಿ ಬಿಟ್ಟು, ಸುತ್ತ ಹಾಕಿ, ನೆಲಾ ಮುಟ್ಟಿ ಹೋಗತಿದ್ರಿ. ಕಲತ ಮನಷ್ಯಾ ಇಷ್ಟ ನಡಕೋತಾನಂದ್ರ ಇಲ್ಲಿ ಏನೋ ಐತಿ ಅಂದ್ರು ಮಂದಿ. ಒಬ್ಬಾಕಿ ಕಾಯಿ ಒಡದ್ಲು, ಆಕಿ ಎಮ್ಮಿ ಗಬ್ಬ ಆತು. ಮುಗೀತಲ್ಲ!”

ಅಷ್ಟರಲ್ಲಿ ಮಂದಿ ಕೂಡಿದರು. ಅಗೆದರೆ ಜಗಳ, ಬಿಟ್ಟರೆ ವರ್ಷದ ದುಡಿಮೆ ಮಣ್ಣುಪಾಲು. ಅಮ್ಮನೇ ಮುಂದೆ ಬಂದರು: “ಬಾಜೂ ಸರೀರಿ. ದೇವರಿಗೆ ಬೆಳಗಾವಿಗೆ ಬದ್ಲಿ ಆಗೇತಿ, ಇವ್ರು ಒಯ್ಯಾಕ ಬಂದಾರ.”

ಯಾರೂ ತಕರಾರು ತೆಗೆಯಲಿಲ್ಲ. ಒಬ್ಬ ಮುದುಕ ಮಾತ್ರ ಮರಾಠಿಯಲ್ಲಿ “ಪತ್ತಾ ಸಾಂಗಾ” ಎಂದು ವಿಳಾಸ ಕೇಳಿದ. ಗಾಬರಿಯಲ್ಲಿ ಕೊಟ್ಟುಬಿಟ್ಟೆ.

ಒಂದು ಎಲುಬೂ ಕಳೆಯದೆ ಕಾಡುಕೋಣ ಮ್ಯೂಸಿಯಮ್ಮಿನ ದೊಡ್ಡ ಕೋಣೆಯಲ್ಲಿ ಎದ್ದು ನಿಂತಿತು. ಮರುವಾರ ಬಾಗಿಲಲ್ಲಿ ಹತ್ತು ಮಂದಿ, ಕೈಯಲ್ಲಿ ಕಾಯಿ. ವಾಚ್‌ಮನ್ ಕಾಯಿ ಒಡೆಯಗೊಡಲಿಲ್ಲ, ಆದರೆ ನಿಯಮದಂತೆ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಒಳಗೆ ಬಿಟ್ಟ. ಸಂಜೆ ಆ ಪುಸ್ತಕ ತೆರೆದೆ. ‘ಬಂದ ಉದ್ದೇಶ’ ಎಂಬಲ್ಲಿ ಮೊದಲ ಸಾಲು: ಸಂಶೋಧನೆ. ಎರಡನೆಯದು: ತರಬೇತಿ. ಅದರ ಕೆಳಗೆ ಹತ್ತು ಸಾಲು ಒಂದೇ ಸಮ: ಎಮ್ಮಿ ಗಬ್ಬ ಆಗಬೇಕು.

ಕಟ್ಟಕಡೆಗೆ ವಾಚ್‌ಮನ್ನನದೇ ಹೆಸರು. ಉದ್ದೇಶ: ನೌಕರಿ ಕಾಯಂ ಆಗಬೇಕು.