ದೇವೀರಮ್ಮನ ಬೀಸುಕಲ್ಲೂ ಎರಡು ಸಾಮ್ರಾಜ್ಯಗಳೂ

ದೇವೀರಮ್ಮ ರಾಗಿ ಬೀಸುತ್ತಿದ್ದಳು. ಎದುರಿಗೆ ತಂಗಿ ಪುಟ್ಟನಂಜಿ. ಒಂದೇ ಗೂಟಕ್ಕೆ ಇಬ್ಬರ ಕೈ. ಕಲ್ಲೇನೋ ಸುತ್ತುತ್ತಿತ್ತು, ರಾಗಿ ಮಾತ್ರ ಹೋದ ಹಾಗೇ ಇಡಿಯಾಗಿ ಹೊರಗೆ ಬರುತ್ತಿತ್ತು.

"ಕಲ್ಲು ನುಣ್ಣಗಾಗಿದೆ ಕಣಕ್ಕಾ. ನಮ್ಮ ಯಜಮಾನರ ಕೈಲಿ ಉಳಿ ಏಟು ಹಾಕಿಸಿ ಸಂಜೆಗೆ ತರ್ತೀನಿ ಬಿಡು."

ಪುಟ್ಟನಂಜಿಯ ಗಂಡ ಕಲ್ಲುಕುಟಿಗ. ಅವಳು ಮೇಲ್ಗಲ್ಲನ್ನು ಕಳಚಿ ತಲೆಯ ಮೇಲಿಟ್ಟುಕೊಂಡು, ಹನ್ನೆರಡು ಹೆಜ್ಜೆಯ ಬೀದಿ ದಾಟಿ, ಎದುರಿನ ತನ್ನ ಮನೆಗೆ ಹೋದಳು.

ಇದು ಬಹಳ ಹಿಂದಿನ ಮಾತು. ಆಗ ಒಂದಲ್ಲ, ಎರಡು ರಾಜ್ಯಗಳಿದ್ದವು. ಮೂಡಣಕ್ಕೆ ಪ್ರಚಂಡಸೇನ ಮಹಾರಾಜ, ಪಡುವಣಕ್ಕೆ ಉದಾರವರ್ಮ ಮಹಾರಾಜ. ಇಬ್ಬರೂ ಸೇರಿ ಸಂಗಮಪಟ್ಟಣದ ದುಷ್ಟ ದೊರೆಯನ್ನು ಸೋಲಿಸಿ, ಒಂದೇ ಎಲೆಯಲ್ಲಿ ಉಂಡು, 'ಇನ್ನು ನಾವು ಸೋದರರು' ಎಂದು ಜಂಟಿ ಹೇಳಿಕೆ ಬಿಡುಗಡೆ ಮಾಡಿದ್ದರು. ಕೈ ತೊಳೆದ ಮೇಲೆ ಪಟ್ಟಣವನ್ನು ಹಲಸಿನ ಹಣ್ಣಿನಂತೆ ಎರಡು ಹೋಳು ಮಾಡಿಕೊಂಡರು. ಪಟ್ಟಣವಿದ್ದದ್ದು ಮೂಡಣದ ನೆಲದ ನಟ್ಟನಡುವೆ. ಆದರೂ ಅರ್ಧ ಪಡುವಣಕ್ಕೆ. ಸೋದರರಲ್ಲವೇ!

ಆ ಮಧ್ಯಾಹ್ನವೇ ಸುಣ್ಣದ ಬುಟ್ಟಿ ಹೊತ್ತ ನೌಕರರು ಬಂದು ದೇವೀರಮ್ಮನ ಬೀದಿಯ ನಡುವೆ ಗೆರೆ ಎಳೆದರು. ಅಡಿಗಲ್ಲು ಪಡುವಣದಲ್ಲಿ ಉಳಿಯಿತು, ಮೇಲ್ಗಲ್ಲು ಮೂಡಣಕ್ಕೆ ಸೇರಿತು.

"ಅಪ್ಪಾ, ನನ್ನ ಕಲ್ಲು ಆಚೆ ಮನೇಲಿದೆ."

"ಆಚೆ ಮನೆ ಅನ್ನಬೇಡಿ ಅಮ್ಮಾ. ವಿದೇಶ ಅನ್ನಿ."

ವಿದೇಶಕ್ಕೆ ಕೂಗಿ ಮಾತಾಡುವಂತಿರಲಿಲ್ಲ, ಕಾಗದ ಬರೆಯಬೇಕಿತ್ತು. ದೇವೀರಮ್ಮ ಒಂದು ಚೂರು ಕಾಗದದಲ್ಲಿ ಬರೆದಳು: 'ತಂಗೀ, ಕಲ್ಲು ಆಯಿತಾ? ಇವತ್ತು ಸಂಜೆ ತಗೊಂಡು ಬಾ, ಇಬ್ಬರೂ ಕೂತು ಬೀಸೋಣ.' ಅದನ್ನು ಅನುಮತಿಗಾಗಿ ಗಡಿ ವ್ಯವಹಾರಗಳ ಕಚೇರಿಗೆ ಕೊಟ್ಟಳು. ಕಾಗದ ಪರಿಶೀಲನೆಯಲ್ಲಿದೆ ಎಂದರು.

ಪರಿಶೀಲನೆ ನಡೆಯುತ್ತಿರುವಾಗಲೇ ಪಡುವಣದ ಮಂತ್ರಿ ಸ್ತುತಿಪಾಲನು ತಮ್ಮ ಅರ್ಧ ಪಟ್ಟಣಕ್ಕೆ ಹೊಸ ಸೇರನ್ನು ಜಾರಿಗೆ ತಂದ. ಹಳೆಯ ಸೇರಿಗಿಂತ ಒಂದು ಬೊಗಸೆ ದೊಡ್ಡದು. ಪ್ರಚಂಡಸೇನನಿಗೆ ಮೂಗಿನ ತುದಿಯಲ್ಲೇ ಇದ್ದ ಕೋಪ ನೆತ್ತಿಗೇರಿತು. "ನನ್ನ ನೆಲದ ನಡುವೆ ನನಗಿಂತ ದೊಡ್ಡ ಸೇರೇ?" ಎಂದು ಪಡುವಣದ ಅರ್ಧಕ್ಕೆ ಬರುವ ದಾರಿಗಳನ್ನೆಲ್ಲ ಮುಚ್ಚಿಸಿದ. 'ರಿಪೇರಿ ನಡೆಯುತ್ತಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ' ಎಂದು ಫಲಕ ಹಾಕಿಸಿದ. ಗುದ್ದಲಿ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ಪಡುವಣದ ದೊರೆ ಜಗ್ಗುವನೇ? ತನ್ನ ಗಡಿಯಲ್ಲಿ ತಾಳೆಮರದೆತ್ತರದ ಕವಣೆಗಳನ್ನು ನಿಲ್ಲಿಸಿ, ರಾಗಿ ಮೂಟೆಗಳನ್ನು ಆಕಾಶದಲ್ಲೇ ಬೀಸಿ ಒಗೆಸತೊಡಗಿದ. 'ಗಗನಮಾರ್ಗ ಅನ್ನಪ್ರದಾನ ಯೋಜನೆ' ಎಂದು ಅದಕ್ಕೆ ನಾಮಕರಣವಾಯಿತು. ದಿನಕ್ಕೆ ಸಾವಿರ ಮೂಟೆ ಬಿದ್ದವು. ಜನ ಹೆಂಚು ಹೋದ ಮನೆಗಳಲ್ಲಿ ಕೂತು ಜಯಘೋಷ ಮಾಡಿದರು. ದೇವೀರಮ್ಮನ ಮನೆಯೊಳಗೇ ನಾಲ್ಕು ಮೂಟೆ ಬಂದವು, ಮಾಡಿನ ಮೂಲಕ. ಎಲ್ಲ ಇಡೀ ಕಾಳು. ಅವಳು ಅದನ್ನು ನೆನೆಸಿ, ಬೇಯಿಸಿ, ಅಗಿದು ಅಗಿದು ಎರಡು ಹಲ್ಲು ಕಳೆದುಕೊಂಡಳು. ಕೊನೆಗೆ ಹಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಪರಿವೀಕ್ಷಣೆಗೆ ಬಂದಿದ್ದ ಉದಾರವರ್ಮನ ದರ್ಶನಕ್ಕೆ ಹೋದಳು.

"ರಾಗಿ ಸಾಕು ಮಹಾಪ್ರಭು. ನನ್ನ ಕಲ್ಲು ಹನ್ನೆರಡು ಹೆಜ್ಜೆ ಆಚೆಗಿದೆ. ಅದೊಂದು ತರಿಸಿಕೊಟ್ಟರೆ..."

"ಆಹಾ! ಪ್ರಭುಗಳ ಕರುಣೆ ಕಲ್ಲನ್ನೂ ಕರಗಿಸುತ್ತದೆ," ಎಂದ ಸ್ತುತಿಪಾಲ.

"ಕರಗಿಸಬೇಡಿ ಸ್ವಾಮಿ, ಕಲ್ಲು ಹಾಗೇ ಇರಲಿ. ಬೀಸಬೇಕು."

ದೊರೆಯ ಹುಬ್ಬು ಗಂಟಿಕ್ಕಿತು. "ಶತ್ರುವಿನ ಬಳಿ ಕಲ್ಲಿದೆಯೇ? ಎಷ್ಟು?"

"ನಂದು ಒಂದು."

"ಸಾಮಾನ್ಯ ಹೆಂಗಸಿಗೇ ಒಂದು ಕಂಡಿದೆ ಎಂದರೆ ಒಳಗೆ ಸಾವಿರವಿರಬೇಕು!"

"ಪ್ರಭುಗಳು ತ್ರಿಕಾಲಜ್ಞಾನಿಗಳು!" ಎಂದು ಸ್ತುತಿಪಾಲ ಅಲ್ಲೇ ಅಡ್ಡಬಿದ್ದ.

ಮರುದಿನದಿಂದ ಕವಣೆಗಳ ಪಕ್ಕದಲ್ಲಿ ಮೂಟೆಗಳ ಜೊತೆಗೆ ಬಂಡೆಗಳೂ ಬಂದು ಕೂತವು. ಬರೀ ಎಚ್ಚರಿಕೆಗೆ, ಎಸೆಯಲಿಕ್ಕಲ್ಲ. ಅದನ್ನು ಕಂಡು ಪ್ರಚಂಡಸೇನ ಎರಡರಷ್ಟು ಬಂಡೆ ಕೂಡಿಸಿದ. ಅವನೂ ಎಸೆಯಲಿಕ್ಕಲ್ಲ. ಸುತ್ತಲಿನ ಪಾಳೆಯಗಾರರಿಗೆ 'ನೀವು ಯಾರ ಬಂಡೆಯ ನೆರಳಿನವರು?' ಎಂದು ಓಲೆ ಹೋಯಿತು. ಕುರಿ ಕಾಯುತ್ತಿದ್ದವರೂ ಪಕ್ಷ ಹಿಡಿಯಬೇಕಾಯಿತು.

ವರ್ಷ ತುಂಬುವ ಹೊತ್ತಿಗೆ ದಾರಿಯ ರಿಪೇರಿ ಮುಗಿಯಿತೆಂದು ಮೂಡಣದವರು ಫಲಕ ಕಿತ್ತರು. ತಾವು ಗೆದ್ದೆವೆಂದು ಪಡುವಣದವರು ಡಂಗುರ ಹೊಡೆಸಿದರು, ತಾವು ಗೆದ್ದೆವೆಂದು ಮೂಡಣದವರೂ ಹೊಡೆಸಿದರು. ಗೆರೆ ಮಾತ್ರ ಅಳಿಯಲಿಲ್ಲ. ಸುಣ್ಣದ ಮೇಲೆ ಸುಣ್ಣ ಬಿತ್ತು. ಬಂಡೆ ಪೇರಿಸುವುದೂ ನಿಲ್ಲಲಿಲ್ಲ. ಹೀಗೇ ಹತ್ತು ವರ್ಷ ಹೋದ ಮೇಲೆ ಪ್ರಚಂಡಸೇನನಿಗೆ ಗೆರೆ ಸಾಲದೆನಿಸಿ, ಗೋಡೆ ಕಟ್ಟಬೇಕೆನಿಸಿತು. ಆದರೆ ಗುಡ್ಡಗಳೆಲ್ಲ ಬಂಡೆಗಳಾಗಿ ಮುಗಿದಿದ್ದವು, ಗೋಡೆಗೆ ಕಲ್ಲೆಲ್ಲಿ? 'ಮನೆಗೊಂದು ಮೇಲ್ಗಲ್ಲು' ಎಂಬ ರಾಜಾಜ್ಞೆ ಹೊರಟಿತು. ಪಡುವಣದವರು ಹಿಂದೆ ಬೀಳಬಾರದೆಂದು ತಮ್ಮ ಕಡೆಯ ಅಡಿಗಲ್ಲುಗಳನ್ನೆಲ್ಲ ಕಿತ್ತು ಕವಣೆಗಳ ಕಾಲಿಗೆ ಕೊಟ್ಟರು. ದೇವೀರಮ್ಮನ ಅಂಗಳದಲ್ಲಿ ಒಂದು ದುಂಡು ಗುಂಡಿ ಉಳಿಯಿತು.

ಬೀಸುಕಲ್ಲಿನ ಮೇಲ್ಗಲ್ಲಿಗೆ ನಡುವೆ ಕಾಳು ಹಾಕುವ ಕಣ್ಣಿರುತ್ತದೆಂದು ಪ್ರಚಂಡಸೇನನ ಆಸ್ಥಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಲ್ಲಿ ಯಾರು ಬೀಸಿದ್ದರು? ಗೋಡೆ ಎದ್ದು ನಿಂತ ಮೇಲೆ ನೋಡಿದರೆ ಅದರ ತುಂಬ ತೂತು. ಒಡೆದರೆ ಅವಮಾನ, ಮುಚ್ಚಿದರೆ ತಪ್ಪೊಪ್ಪಿಕೊಂಡಂತೆ. ಅದಕ್ಕೇ ಎರಡೂ ಕಡೆ ತೂತಿಗೊಬ್ಬ ಕಾವಲುಗಾರನನ್ನಿಟ್ಟು, ಅವನ ಊಟವನ್ನು ಎದುರು ಮನೆಯವರ ತಲೆಗೆ ಕಟ್ಟಿದರು.

ಹನ್ನೊಂದನೆಯ ವರ್ಷ ದೇವೀರಮ್ಮನ ಕಾಗದಕ್ಕೆ ಅನುಮತಿ ಸಿಕ್ಕಿತು. ಮುದ್ರೆ, ಷರಾ, ಲಗತ್ತುಗಳೆಲ್ಲ ಸೇರಿ ದಿಂಬಿನಷ್ಟು ದಪ್ಪ. ಅವಳು ಅದನ್ನು ಎರಡೂ ಕೈಯಲ್ಲಿ ಹೊತ್ತು ತನ್ನ ಮನೆಯ ಎದುರಿನ ತೂತಿಗೆ ಹೋದಳು.

"ಇದು ತೂತಲ್ಲಿ ಹಿಡಿಯಲ್ಲ ಅಜ್ಜೀ," ಎಂದ ಕಾವಲಿನ ಚಿಕ್ಕಬೈರ. ಅವಳು ಬೇಯಿಸಿದ ಇಡೀ ರಾಗಿಯನ್ನೇ ಅವನೂ ಅಗಿಯುತ್ತಿದ್ದ.

"ಕಾಗದ ಇಷ್ಟೇ ಇಷ್ಟು ಕಣಪ್ಪಾ. ಉಳಿದದ್ದೆಲ್ಲ ಅನುಮತಿ."

"ಅನುಮತಿ ಇಲ್ಲದೆ ಬಿಡಂಗಿಲ್ಲ. ಅನುಮತಿ ಇದ್ರೆ ತೂರಲ್ಲ. ನಾನೇನು ಮಾಡ್ಲಿ ಹೇಳು?"

ಅಷ್ಟರಲ್ಲಿ ಕಹಳೆ ಮೊಳಗಿತು. ಗೋಡೆಯ ಆಚೆ ಪ್ರಚಂಡಸೇನನಿಗೆ, ಈಚೆ ಉದಾರವರ್ಮನಿಗೆ, ಒಂದೇ ಮುಹೂರ್ತದಲ್ಲಿ 'ಲೋಕಶಾಂತಿಸ್ಥಾಪಕ' ಎಂಬ ರತ್ನಕಿರೀಟ. ಅದರ ವೆಚ್ಚಕ್ಕೆಂದು ಮುಂದಿನ ಮೂರು ಸುಗ್ಗಿಯ ರಾಗಿಯನ್ನು ಎರಡೂ ಕಡೆಯ ಜನ ಆಗಲೇ ಅಳೆದಿದ್ದರು, ಅವರವರ ಸೇರಿನಲ್ಲಿ. ಬಿರುದಾವಳಿ ಮುಗಿಯುವವರೆಗೆ ಪ್ರತಿಯೊಬ್ಬ ಕಾವಲುಗಾರನೂ ತಲೆ ತಗ್ಗಿಸಿ ಕಣ್ಣು ಮುಚ್ಚಿರಬೇಕೆಂಬ ನಿಯಮವಿತ್ತು. ಬಿರುದುಗಳೋ, ಹನ್ನೊಂದು ವರ್ಷದ ಗೆಲುವಿನವು.

ಚಿಕ್ಕಬೈರ ಕಣ್ಣು ಮುಚ್ಚಿದ. "ಬಹಳ ಉದ್ದ ಇದೆ ಅಜ್ಜೀ ಇದು," ಎಂದ, ತಲೆ ತಗ್ಗಿಸಿಕೊಂಡೇ.

ದೇವೀರಮ್ಮ ಮುದ್ರೆಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿಟ್ಟಳು. ನಡುವೆ ಹಳದಿಯಾದ ಆ ಚೂರು ಸಿಕ್ಕಿತು. 'ಇವತ್ತು ಸಂಜೆ' ಎಂದಿದ್ದದ್ದನ್ನು ತಿದ್ದಲಿಲ್ಲ. ಕಲ್ಲಿನ ಕಣ್ಣಿನ ಅಂಚನ್ನು ಬೆರಳಿಂದ ಸವರಿದಳು. ಉಳಿ ಏಟು ಚುರುಕಾಗಿ ತಾಗಿತು. ಇದು ತನ್ನದೇ ಮೇಲ್ಗಲ್ಲು; ತಂಗಿಯ ಗಂಡ ಕುಟ್ಟಿ ಮುಗಿಸಿದ್ದ. "ಸಮರಧುರಂಧರ, ಸಂಧಾನಸಾಗರ..." ಎಂದು ಹೊಗಳುಭಟರು ಉಸಿರುಕಟ್ಟಿ ಕೂಗುತ್ತಿರುವಾಗ, ಅವಳು ಕಾಗದವನ್ನು ಮಡಿಸಿ, ಒಂದು ಹಿಡಿ ಕಾಳು ಹಾಕುವ ಹಾಗೆ ಕಣ್ಣಿಗೆ ಹಾಕಿ, ಬೆರಳಿಂದ ಆಚೆಗೆ ತಳ್ಳಿದಳು.