ಮಿಡಿ ಮತ್ತು ನನ್ನ ಬ್ಲಡ್ ಪ್ರೆಶರು

ಕಾಯಿಲೆಗಳಿಗೂ ವಯಸ್ಸಿನ ಮರ್ಯಾದೆ ಇರಬೇಕು ಎಂದು ನಂಬಿದವನು ನಾನು. ದಡಾರ, ಕಿವಿನೋವು, ತರಚಿದ ಮೊಣಕಾಲು ಇವೆಲ್ಲ ಚಿಕ್ಕವರ ಆಸ್ತಿ. ಸೊಂಟನೋವು, ಎದೆನೋವುಗಳು ಮೊಮ್ಮಕ್ಕಳನ್ನು ಕಂಡವರ ಹಕ್ಕು. ನಡುವಿನ ನಮ್ಮಂಥವರು ಹೆಚ್ಚೆಂದರೆ ಒಂದು ನೆಗಡಿ ತಂದುಕೊಂಡು ಕಚೇರಿಗೆ ರಜೆ ಹಾಕಬಹುದು. ಹೀಗಿರುವಾಗ ಇಪ್ಪತ್ತೆಂಟನೆಯ ವಯಸ್ಸಿಗೇ ನನಗೆ ಬ್ಲಡ್ ಪ್ರೆಶರು ಬಂತು. ಹಿರಿಯರ ಮುಂದೆ ಕಾಲಮೇಲೆ ಕಾಲು ಹಾಕಿ ಕೂತಷ್ಟು ಸಂಕೋಚವಾಗಿ, ಅದನ್ನು ಮೊದಮೊದಲು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ.

ಆಗ ನಾನು ಶಿರಸಿಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಎರಡೂ ಸರಕಾರಗಳ ದಫ್ತರಗಳು ಮಾತ್ರ ಒಂದೇ ಅಟ್ಟದ ಮೇಲೆ ಅನ್ಯೋನ್ಯವಾಗಿ ಬಿದ್ದಿದ್ದವು. ದಿನವಿಡೀ ಕೂತಲ್ಲೇ ಕೂತು ಬರೆಯುವುದು, ಗಂಟೆಗೊಮ್ಮೆ ತಂಬಾಕು ಹಾಕಿ ಎಲೆಯಡಿಕೆಯ ಕವಳ ಮೆಲ್ಲುವುದು, ಇವೆರಡೇ ನನ್ನ ವ್ಯಾಯಾಮ. ಒಂದು ದಿನ ಹಳೆಯ ದಫ್ತರವೊಂದನ್ನು ಹೊತ್ತು ಏಣಿ ಇಳಿಯುವಾಗ ಎದೆ ಢವಢವ ಎಂದು ಹೊಡೆದುಕೊಂಡು ಕಣ್ಣು ಕತ್ತಲೆ ಬಂತು. ದಫ್ತರದ ಮೇಲೇ ಕೂತೆ. ಕೂತ ಕೂಡಲೇ ನೆನಪಾದದ್ದು ಅಪ್ಪಯ್ಯ. ಅವನೂ ನಲವತ್ತೆರಡರಲ್ಲಿ ಹೀಗೇ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆಗ ನನಗೆ ಹದಿನಾಲ್ಕು. ಈಗ ನನ್ನ ಹೆಂಡತಿ ಶಾರದೆ ಆರು ತಿಂಗಳ ಬಸುರಿ. ಹುಟ್ಟುವ ಮಗುವಿಗೆ ಅಪ್ಪ ಬೇಕು ಎಂಬ ವಿಚಾರ ಬಂದದ್ದೇ ತಡ, ಸಂಕೋಚ ಬಿಟ್ಟು ಡಾಕ್ಟರರ ಹತ್ತಿರ ಓಡಿದೆ. ಓಡಬಾರದಿತ್ತು ಎಂದು ಆಮೇಲೆ ತಿಳಿಯಿತು.

ಡಾಕ್ಟರರು ಹಾವೇರಿ ಕಡೆಯವರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, ಪಾದರಸದ ಕೊಳವೆಯನ್ನೂ ನನ್ನ ಮುಖವನ್ನೂ ಎರಡು ಸಲ ನೋಡಿದರು. "ಈ ಪಾದರಸಕ್ಕ ನಿಮ್ಮ ವಯಸ್ಸು ಗೊತ್ತಿಲ್ಲ ನೋಡ್ರಿ. ನೀವು ಐವತ್ತು ದಾಟಿದವ್ರು ಅಂತ ತಿಳಕೊಂಡೈತಿ" ಎಂದರು. ಅಪ್ಪಯ್ಯನ ವಿಷಯ ಹೇಳಿದೆ. ಅವರ ನಗು ನಿಂತಿತು. ಮನೆತನದಲ್ಲಿ ಇದ್ದರೆ ಮಕ್ಕಳು ಮೊದಲೇ ಎಚ್ಚರವಾಗಬೇಕು, ಈ ವಯಸ್ಸಿನಲ್ಲೇ ಗೊತ್ತಾದದ್ದು ಒಳ್ಳೆಯದೇ ಆಯಿತು, ಮಾತು ಕೇಳಿದರೆ ಹೆದರುವ ಕಾರಣವಿಲ್ಲ ಎಂದು ಧೈರ್ಯ ಕೊಟ್ಟರು. ತಂಬಾಕು ಪೂರ್ತಿ ಬಿಡಬೇಕು, ಉಪ್ಪು ಆದಷ್ಟು ಬಿಡಬೇಕು, ದಿನಾ ಎರಡು ಮೈಲು ನಡೆಯಬೇಕು. ತಿಂಗಳು ಬಿಟ್ಟು ಬರಬೇಕು.

ನಡೆಯುವುದು ಅಷ್ಟು ಸುಲಭವಲ್ಲ. ನಮ್ಮ ಪೇಟೆಯಲ್ಲಿ ಕೆಲಸವಿಲ್ಲದೆ ನಡೆಯುವ ಮನುಷ್ಯನನ್ನು ಕಂಡರೆ ಜನಕ್ಕೆ ಸಮಾಧಾನವಿಲ್ಲ. ಮೊದಲ ದಿನ ಏಳು ಮಂದಿ ಎಲ್ಲಿಗೆ ಹೊರಟೆ ಎಂದು ಕೇಳಿದರು. ಎಲ್ಲಿಗೂ ಇಲ್ಲ ಎಂದೆ. ಮೂರನೆಯ ದಿನಕ್ಕೆ ನಾನು ಹೆಂಡತಿಯ ಜೊತೆ ಜಗಳವಾಡಿ ಮನೆ ಬಿಟ್ಟಿದ್ದೇನೆ ಎಂಬ ಸುದ್ದಿ ನನಗಿಂತ ಮೊದಲೇ ಕಚೇರಿ ಮುಟ್ಟಿತ್ತು. ಆಮೇಲೆ ಕೈಯಲ್ಲೊಂದು ಖಾಲಿ ಚೀಲ ಹಿಡಿದು ನಡೆದೆ. ಚೀಲ ಕಂಡ ಮೇಲೆ ಯಾರೂ ಕೇಳಲಿಲ್ಲ. ತಂಬಾಕಿನ ವಿಷಯ ಹೇಳುವುದೇ ಬೇಡ. ಹತ್ತು ದಿನ ಕಂಡಕಂಡವರ ಮೇಲೆಲ್ಲ ಹರಿಹಾಯ್ದೆ, ಹನ್ನೊಂದನೆಯ ದಿನ ಎಲ್ಲರ ಕ್ಷಮೆ ಕೇಳಿದೆ.

ಉಪ್ಪಿನ ವಿಷಯದಲ್ಲಿ ಮಾತ್ರ ನನ್ನಷ್ಟು ನಿಷ್ಠಾವಂತ ಇರಲಿಲ್ಲ. ಆಯಿ, ಅಂದರೆ ನನ್ನ ತಾಯಿ, ನನ್ನ ಸಾರು, ಪಲ್ಯ, ತಂಬುಳಿಗಳನ್ನೆಲ್ಲ ಬೇರೆಯೇ ತೆಗೆದಿಟ್ಟು ಸಪ್ಪೆ ಬಡಿಸಿದಳು. ಮಜ್ಜಿಗೆಗೆ ಸಹ ಒಂದು ಹರಳು ಹಾಕಿಕೊಳ್ಳಲಿಲ್ಲ. ತಿಂಗಳು ಮುಗಿಯುತ್ತಲೇ ಶಾಭಾಸ್‌ಗಿರಿ ಪಡೆಯಲು ಎದೆಯುಬ್ಬಿಸಿ ಹೋದರೆ, ಪಾದರಸ ಹಿಂದಿನ ಜಾಗದಿಂದ ಅಲ್ಲಾಡಿರಲಿಲ್ಲ. ಡಾಕ್ಟರರು ಯೋಚನೆಗೆ ಬಿದ್ದರು. ಸಪ್ಪೆ ಊಟದ ವರ್ಣನೆಯನ್ನೆಲ್ಲ ಕೇಳಿ, "ಮತ್ತ ಅನ್ನ ಗಂಟಲದಾಗ ಹೆಂಗ ಇಳೀತ್ರಿ?" ಎಂದರು.

"ಮಿಡಿ ಇತ್ತಲ್ಲ" ಎಂದೆ.

ನಮ್ಮಲ್ಲಿ ಮಾವಿನ ಮಿಡಿಯನ್ನು ಯಾರೂ ಉಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮರದ ಲೆಕ್ಕಕ್ಕೆ ಹಿಡಿಯುತ್ತಾರೆ. ಇದು ಹೊಳೆಯಂಚಿನ ಮರದ್ದು, ಇದು ಜೀರಿಗೆ ವಾಸನೆಯದ್ದು ಎಂದು ಮಿಡಿಗೂ ಕುಲಗೋತ್ರ ಹೇಳುವ ಜನ ನಾವು. ಊಟಕ್ಕೆ ನಾಲ್ಕೈದು ಹೋಗುತ್ತದೆ ಎಂದೆ. ಹೇಗೆ ಮಾಡುತ್ತೀರಿ ಎಂದು ಕೇಳಿದರು. ಆಯಿಯ ಕೈಗುಣದ ಅಭಿಮಾನದಿಂದ ವಿವರವಾಗಿಯೇ ಹೇಳತೊಡಗಿದೆ. ತೊಟ್ಟಿನ ಸಮೇತ ಕೊಯ್ದ ಮಿಡಿಯನ್ನು ಭರಣಿಯಲ್ಲಿ ಹಾಕುವುದು. ಒಂದು ಪದರ ಮಿಡಿ, ಅದರ ಮೇಲೆ ಒಂದು ಪದರ ಉಪ್ಪು. ಮತ್ತೆ ಒಂದು ಪದರ ಮಿಡಿ, ಮತ್ತೆ ಉಪ್ಪು. ಮಿಡಿ ಚಿರುಟಿದ ಮೇಲೆ ಆ ಉಪ್ಪುನೀರಿನಲ್ಲೇ ಖಾರ ರುಬ್ಬಿ... ಇಷ್ಟು ಹೇಳುವಾಗ ನನ್ನ ದನಿ ತಾನಾಗಿಯೇ ಇಳಿಯುತ್ತ ಬಂತು. ಡಾಕ್ಟರರು ಕನ್ನಡಕ ತೆಗೆದು ಒರೆಸುತ್ತ, ಮುಂದೆ ಹೇಳ್ರಿ ಎಂದರು.

ಮನೆಗೆ ಬಂದು ಆಯಿಗೆ ಎಲ್ಲ ಹೇಳಿ, ಇವತ್ತಿನಿಂದ ಮಿಡಿಯೂ ಬಂದ್ ಎಂದು ಘೋಷಿಸಿದೆ. ಅವಳು ಮರುದಿನದಿಂದ ಲಿಂಬೆಹುಳಿ, ಕಾಳುಮೆಣಸು, ಶುಂಠಿಗಳಿಂದಲೇ ಅಡಿಗೆಗೆ ಜೀವ ತಂದಳು. ಅಡಿಗೆಮನೆಯ ನಾಗಂದಿಗೆಯ ಮೇಲಿದ್ದ ಮೂರು ಭರಣಿಗಳ ಕೆಳಗೆ ಕೂತು ನಾನು ದಿನಕ್ಕೆರಡು ಹೊತ್ತು ಆಸೆಯನ್ನು ಗೆದ್ದೆ. ಕಚೇರಿಯಲ್ಲಿ ಇದೇ ನನ್ನ ಉಪನ್ಯಾಸದ ವಿಷಯವಾಯಿತು. ಭರಣಿ ತಲೆಯ ಮೇಲಿದ್ದರೂ ಕೈ ಚಾಚದವನೇ ಗಂಡಸು ಎಂದು ಸಹೋದ್ಯೋಗಿಗಳಿಗೆ ಬೇಸರವಾಗುವಷ್ಟು ಹೇಳಿದೆ. ಮುಂದಿನ ಸಲ ಹೋದಾಗ ಪಾದರಸ ಇಳಿದಿತ್ತು. ಅದರ ಮುಂದಿನ ಸಲ ನನ್ನ ವಯಸ್ಸು ಅದಕ್ಕೂ ಗೊತ್ತಾಯಿತು ಎಂದು ಡಾಕ್ಟರರು ನಕ್ಕರು. ಏಣಿ ಹತ್ತಿದರೂ ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಆ ವಾರವೇ, ಬಾಣಂತನಕ್ಕೆ ತವರುಮನೆ ತ್ಯಾಗಲಿಗೆ ಹೋಗಿದ್ದ ಶಾರದೆ ಹೆಣ್ಣು ಹೆತ್ತ ಸುದ್ದಿ ಬಂತು. ಆಯಿ ಸಕ್ಕರೆ ಹಂಚಲು ನೆರೆಮನೆಗೆ ಹೋದಳು. ಇಷ್ಟು ಸಂತೋಷದ ದಿನ ಒಂದೇ ಒಂದು ಮಿಡಿ ತಿಂದರೆ ಯಾವ ಪಾದರಸವೂ ಬೇಸರ ಮಾಡಿಕೊಳ್ಳಲಾರದು ಎಂದುಕೊಂಡು ಮಣೆ ಹತ್ತಿ ಭರಣಿಗೆ ಕೈ ಹಾಕಿದೆ. ಭರಣಿ ಹಗುರವಾಗಿ ಕೈಗೆ ಬಂತು. ಒಳಗೆ ಏನೂ ಇಲ್ಲ. ಎರಡನೆಯದೂ ಖಾಲಿ, ಮೂರನೆಯದೂ ಖಾಲಿ. ಮೂರನ್ನೂ ತೊಳೆದು ಒಣಗಿಸಿ ಇಟ್ಟಂತಿತ್ತು.

ತಿರುಗಿದರೆ ಬಾಗಿಲಲ್ಲಿ ಆಯಿ. ನಾನು ಮಿಡಿ ಬಿಟ್ಟೆ ಎಂದ ಮರುದಿನವೇ ಎಲ್ಲವನ್ನೂ ಮಂಚಿಕೇರಿಯ ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟಿದ್ದಳಂತೆ. ವರ್ಷವಿಡೀ ಜೋಪಾನ ಮಾಡಿದ ಮಿಡಿ. ಬೇರೆಯವರ ಮನೆಗೆ ಒಂದು ಬಟ್ಟಲು ಕೊಡುವಾಗಲೂ ಎಣಿಸಿ ಕೊಡುತ್ತಿದ್ದವಳು ಅವಳು.

"ನಿನ್ನ ಅಪ್ಪಯ್ಯಂಗೆ ಯಾರೂ ಹೇಳಿದ್ವಿಲ್ಲೆ. ನಿಂಗೆ ಡಾಕ್ಟ್ರ ಹೇಳಿದ್ದ" ಎಂದಳು. "ಮರ ಎಲ್ಲಿಗೂ ಹೋಗ್ತಿಲ್ಲೆ. ಮಿಡಿ ಮುಂದಿನ ವರ್ಷವೂ ಬಿಡ್ತು. ನೀನು ಮಣೆ ಇಳಿ."

ಇಳಿದೆ. ಕಣ್ಣು ತುಂಬಿ ಬಂದಿತ್ತು. ಅದನ್ನು ಮಗಳು ಹುಟ್ಟಿದ ಸಂತೋಷದ ಲೆಕ್ಕಕ್ಕೆ ಹಾಕಿದೆ.

ಮರುದಿನ ಕಚೇರಿಯಲ್ಲಿ ಸಕ್ಕರೆ ಹಂಚುವಾಗ ಹೊಸದಾಗಿ ಬಂದ ಟೈಪಿಸ್ಟ್ ತನಗೂ ಪ್ರೆಶರು ಇದೆಯಂತೆಂದು ಗುಟ್ಟಾಗಿ ಹೇಳಿ, ನೀವು ಮಿಡಿ ಬಿಟ್ಟದ್ದು ಹೇಗೆ ಎಂದು ಕೇಳಿದ. ಮನಸ್ಸು ಗಟ್ಟಿ ಇರಬೇಕು ಎಂದೆ. ಯಾರ ಮನಸ್ಸು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.